ಬಂದೂಕಿಗೊಂದು ಮಂದ ಬ್ಯಾಟರಿ

ಮಸಗುಪ್ಪಿ ಕಾಕಾ ಹೋದರಂತೆ. ಸಂತೆಯ ದಿನ ಮೂಡಲಗಿ ಕಡೆಯಿಂದ ಬಂದ ಎಣ್ಣೆ ವ್ಯಾಪಾರಿಯೊಬ್ಬ ನನ್ನ ಅಂಗಡಿಯ ಮುಂದೆ ಸೈಕಲ್ಲಿಗೆ ಗಾಳಿ ಹೊಡೆಸಿಕೊಳ್ಳುತ್ತ ಈ ಸುದ್ದಿ ಹೇಳಿದ. ಹೇಳಿದವನೇ, ಹಿಂದಿನ ಚಕ್ರಕ್ಕೂ ಸ್ವಲ್ಪ ಹೊಡೀರಿ ಅಂದ. ಹೊಡೆದೆ. ಅವನು ಹೋದ ಮೇಲೆ ಪಂಪನ್ನು ಗೋಡೆಗೆ ಆನಿಸಿ ಕಟ್ಟೆಯ ಮೇಲೆ ಕೂತೆ. ಒಬ್ಬ ಮುದುಕಿ ಬಂದು ಕಂದೀಲಿನ ಗಾಜು ಕೇಳಿದಳು. ಇಲ್ಲ ಅಂದೆ. ಗಾಜು ಅವಳ ಕಣ್ಣೆದುರಿಗೇ ಇತ್ತು. ಅವಳು ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹೊರಟುಹೋದಳು.

ಅಳು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಂದದ್ದು ದಣಿವು. ಎಷ್ಟೋ ವರ್ಷದಿಂದ ಹೊತ್ತುಕೊಂಡು ತಿರುಗಿದ ಚೀಲವನ್ನು ಯಾರೋ ಹೆಗಲಿಂದ ಇಳಿಸಿದಾಗ ಬೆನ್ನು ಒಮ್ಮೆಲೇ ನೋಯುತ್ತದಲ್ಲ, ಹಾಗೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೋರ್ಟಿನ ಬಾಗಿಲಲ್ಲಿ ಆ ಹೆಸರನ್ನು ಬೇಕಾದಷ್ಟು ಸಲ ಕೂಗಿದ್ದಾರೆ. ಗೋಕಾಕದ ಪೇಟೆಯಲ್ಲಿ ನಮಗೆಲ್ಲ ಅವರು ಮಸಗುಪ್ಪಿ ಕಾಕಾ, ಅಷ್ಟೇ.

ನನ್ನದು ಸೈಕಲ್ ದುರಸ್ತಿಯ ಅಂಗಡಿ. ಜೊತೆಗೆ ಕಂದೀಲು, ಬತ್ತಿ, ಬ್ಯಾಟರಿ, ಸೆಲ್ಲು ಮಾರುತ್ತೇನೆ. ಕೈಯಲ್ಲಿ ಹಿಡಿಯುವ ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಅನ್ನುವುದು ರೂಢಿ. ಅದರ ಹೊಟ್ಟೆಗೆ ತುಂಬುವುದು ಸೆಲ್ಲು. ಈಗ ಯುದ್ಧದ ದೆಸೆಯಿಂದ ಸೆಲ್ಲು ಬಂಗಾರವಾಗಿ ಕೂತಿದೆ. ಆಗ ಹಾಗಿರಲಿಲ್ಲ. ಆಗಿನ್ನೂ ಬ್ಯಾಟರಿ ಹೊಸದು, ಜನಕ್ಕೆ ಅದರ ಹುಚ್ಚು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: ಎಲ್ಲಾಕಿಂತ ದೂರ ಬೀಳೂದು ಯಾವ್ದೈತಿ? ಮನೆಯಿಂದ ಹಿತ್ತಲಿಗೆ ಹೋಗಿಬರುವವನಿಗೂ ಹೊಳೆಯ ಆಚೆ ದಂಡೆ ಕಾಣಿಸಬೇಕು. ಆಕಾಶಕ್ಕೆ ಹಿಡಿದು ನೋಡಿ, ಚಿಕ್ಕಿಗೆ ಮುಟ್ಟಲಿಲ್ಲವೆಂದು ವಾಪಸು ತಂದವನೂ ಇದ್ದಾನೆ. ಇಂಥವರಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಗೆ ಸವೆದಿತ್ತು.

ಒಂದು ಮಧ್ಯಾಹ್ನ ಇವರು ಬಂದು ನಿಂತರು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ತಲೆಗೆ ಸುತ್ತಿದ ಬಿಳಿ ಪಟಗ, ಹಣೆಗೆ ವಿಭೂತಿ, ಹೆಗಲ ಮೇಲೆ ಕರಿ ಕಂಬಳಿ. ವಸ್ತುವನ್ನು ಮುಟ್ಟುವ ಮೊದಲು ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳುವ ಅಭ್ಯಾಸ.

"ಎಲ್ಲಾಕಿಂತ ಮಂದ ಬೆಳಕಿಂದು ಯಾವ್ದೈತ್ರಿ ಸಾವಕಾರ್ರ?"

ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡೆ. ಐದು ಸೆಲ್ಲಿನ ಉದ್ದನೆಯದನ್ನು ಮುಂದಿಟ್ಟೆ. ಅವರು ಅದನ್ನು ಕೈಯಲ್ಲಿ ತೂಗಿ, "ಒನಕಿ ಆತು ಇದು" ಎಂದು ಹಾಗೇ ಇಳಿಸಿದರು. ಮೂರರದನ್ನು ಇಟ್ಟೆ. ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದರು. "ಭಾಳ ಸಪ್ಪಳ." ಎರಡರದನ್ನು ಇಟ್ಟೆ. ಒಂದು ಕಣ್ಣು ಮುಚ್ಚಿ ಗಾಜಿನೊಳಗೆ ನೋಡಿ, "ಇದಕ್ಕಿಂತ ಸಣ್ಣದು ಮಾಡೂದಿಲ್ಲೇನ್ರಿ ಅವರು?" ಎಂದರು.

"ಎದಕ್ಕ ಬೇಕಾಗಿತ್ರಿ?" ಎಂದು ಕೇಳಿದೆ.

"ಬಂದೂಕಿಗ್ರಿ. ನಳಿಗಿ ಮ್ಯಾಲೆ ಕೂಡ್ರಸಬೇಕು."

ಬಂದೂಕಿಗೆ ಮಂದ ದೀಪ ಕೇಳಿದವರನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ. ಯಮಕನಮರಡಿಯ ಒಬ್ಬ ಮೋಟಾರು ಸಾವಕಾರರು ನನ್ನಿಂದ ಐದು ಸೆಲ್ಲಿನದನ್ನು ಒಯ್ದು, ಬಂದೂಕಿಗೆ ಬಿಗಿದುಕೊಂಡು, ಹುಕ್ಕೇರಿ ಕಡೆಯ ಗುಡ್ಡದಲ್ಲೆಲ್ಲ ಶಿಕಾರಿ ಆಡುತ್ತಿದ್ದರು. ರಾತ್ರಿಯನ್ನು ಹಗಲು ಮಾಡುತ್ತೇನೆ ಎನ್ನುವುದು ಅವರ ಜಂಬ. ಅವರ ಮಾತನ್ನೇ ಕಾಕಾಗೆ ಹೇಳಿದೆ. ಕಾಕಾ ನಗಲಿಲ್ಲ.

"ಅವರು ಕುಂಬಾರರ ಕತ್ತಿಗೆ ಗುಂಡ ಹೊಡದ್ರಂತ, ಖರೆ ಏನ್ರಿ?"

ಖರೆ. ದೂರದಲ್ಲಿ ಎರಡು ಕಣ್ಣು ಹೊಳೆದವಂತೆ, ಹೊಡೆದರಂತೆ, ಹೋಗಿ ನೋಡಿದರೆ ಪಾಪದ ಕತ್ತೆ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಕಾಕಾ ಮಾತ್ರ ತಲೆ ಅಲ್ಲಾಡಿಸಿದರು. "ದೊಡ್ಡ ದೀಪ ಕಣ್ಣ ತೋರಸ್ತೈತ್ರಿ, ಮೈ ತೋರಸೂದಿಲ್ಲ."

ಅವರ ಮನೆಯಲ್ಲಿ ಬಂದೂಕು ತಂದೆಯ ಕಾಲದಿಂದ ಇತ್ತು. ಪರವಾನಗಿ ಇವರ ಹೆಸರಿಗೆ. ಹೊಳೆಯ ದಂಡೆಯ ಜಾಲಿ ಕಂಟಿಯಲ್ಲಿ ಹಂದಿಗಳು ಮನೆ ಮಾಡಿಕೊಂಡಿದ್ದವು. ಕಬ್ಬು ಎದೆಮಟ್ಟ ಬರುವುದಷ್ಟೇ ತಡ, ಒಳಗೆ ನುಗ್ಗಿ ಮಲಗಿಸಿಬಿಡುತ್ತಿದ್ದವು. ಊರಲ್ಲಿ ಬೇರೆ ಬಂದೂಕಿಲ್ಲ. ಹಾಗಾಗಿ ಹಂದಿ ಕಾಯುವ ಕೆಲಸ ಇವರ ಕೊರಳಿಗೇ ಬಿತ್ತು. ಕೊರಳಲ್ಲಿ ಮೊದಲೇ ಲಿಂಗವಿತ್ತು. ಲಿಂಗ ಕಟ್ಟಿದವರು ಬಂದೂಕು ಹಿಡಿಯುವುದೇ ಎಂದು ಮಠದ ಸ್ವಾಮಿಗಳು ಒಮ್ಮೆ ಕೇಳಿದರಂತೆ. "ನೀವ ಒಂದ ಮಾತ ಹಂದಿಗೆ ಹೇಳಿ ನೋಡ್ರಿ ಅಜ್ಜಾರ, ಅವು ಬಿಟ್ರ ನಾನೂ ಬಿಡ್ತೇನಿ" ಅಂದರಂತೆ ಇವರು. ಸ್ವಾಮಿಗಳು ನಕ್ಕು ಸುಮ್ಮನಾದರಂತೆ.

ಆದರೆ ಆ ಪ್ರಶ್ನೆ ಇವರನ್ನು ಬಿಟ್ಟಿರಲಿಲ್ಲ. ಹೊಡೆದದ್ದಕ್ಕಿಂತ ಆಕಾಶಕ್ಕೆ ಹಾರಿಸಿ ಹೆದರಿಸಿ ಓಡಿಸಿದ್ದೇ ಹೆಚ್ಚು. ಹಂದಿ ಬಿದ್ದ ದಿನ ಬೇಕಾದವರು ಬಂದು ಒಯ್ಯುತ್ತಿದ್ದರು. ಇವರು ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಉಣ್ಣದೆ ಮಲಗುತ್ತಿದ್ದರು. ಅದನ್ನೆಲ್ಲ ನನ್ನ ಕಟ್ಟೆಯ ಮೇಲೆ ಕೂತು ಬೇರೆ ಯಾರದೋ ಸಂಗತಿಯ ಹಾಗೆ ಹೇಳುತ್ತಿದ್ದರು. ಕೊನೆಗೆ ಕಂಬಳಿಯನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡು, "ಸಾಕಾಗೈತ್ರಿ ಸಾವಕಾರ್ರ, ಆದ್ರ ಮುಗದಿಲ್ಲ" ಎಂದು ಎದ್ದು ನಿಲ್ಲುತ್ತಿದ್ದರು. ಈ ಮಾತನ್ನು ಅವರು ಹಂದಿಗೂ ಹೇಳುತ್ತಿದ್ದರು, ಕೋರ್ಟಿಗೂ ಹೇಳುತ್ತಿದ್ದರು, ಮಂಡಿನೋವಿಗೂ ಹೇಳುತ್ತಿದ್ದರು.

ಕೋರ್ಟಿನ ವಿಷಯ ಹೇಳಬೇಕು. ಕಾಕಾಗೆ ಒಬ್ಬನೇ ತಮ್ಮ. ತಾಯಿ ತೀರಿದ ಮೇಲೆ ಹೊಲ ಹಂಚಿಕೊಂಡರು. ಹಂಚಿದ ಮೇಲೆ ನಡುವಿನ ಒಡ್ಡು ಯಾರದು, ಕಾಲುವೆಯ ನೀರು ಮೊದಲು ಯಾರ ಮಡಿಗೆ ಹೋಗಬೇಕು ಎಂದು ಜಗಳ ಹತ್ತಿತು. ಗೋಕಾಕದ ಕೋರ್ಟಿಗೆ ಬಂತು. ತಾರೀಖಿನ ದಿನ ಮಸಗುಪ್ಪಿ ಕಡೆಯಿಂದ ಬರುವುದು ಒಂದೇ ಮೋಟಾರು, ಅದರಲ್ಲೇ ಅಣ್ಣ ತಮ್ಮ ಇಬ್ಬರೂ ಬರಬೇಕು. ಒಬ್ಬರು ಮುಂದೆ, ಒಬ್ಬರು ಹಿಂದೆ. ಇಳಿಯುವಾಗ ಒಬ್ಬರು ಇಳಿದು ದಾಟಿ ಹೋಗುವವರೆಗೆ ಇನ್ನೊಬ್ಬರು ಒಳಗೇ ಪಟಗ ಸರಿಮಾಡಿಕೊಳ್ಳುತ್ತ ಕೂತಿರುವುದು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಾತಂತೂ ಬಿಟ್ಟೇ ಹೋಗಿತ್ತು. ಮಾತು ಬಿಟ್ಟವರು ನಮ್ಮ ಸೀಮೆಯಲ್ಲಿ ಹೊಸಬರಲ್ಲ. ಮೊದಲು ಬಾಯಿ ತೆರೆದವನು ಸೋತ ಎನ್ನುವುದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಹಾಗೇ ಸತ್ತವರನ್ನೂ ನಾನು ಬಲ್ಲೆ.

ತಾರೀಖು ಮುಂದೆ ಹೋದ ಮೇಲೆ ಕಾಕಾ ನೇರ ನನ್ನ ಅಂಗಡಿಗೆ ಬರುತ್ತಿದ್ದರು. ತಾರೀಖು ಯಾವಾಗಲೂ ಮುಂದೆಯೇ ಹೋಗುತ್ತಿತ್ತು. ಹಾಗಾಗಿ ಬ್ಯಾಟರಿ ಆರಿಸುವ ಕೆಲಸವೂ ಮುಂದೆ ಮುಂದೆ ಹೋಯಿತು. ಒಂದು ಮದುವೆಗೆ ಹೆಣ್ಣು ನೋಡುವಷ್ಟು ಓಡಾಟ ಆ ಎರಡು ಸೆಲ್ಲಿನ ಡಬ್ಬಿಗೆ ನಡೆಯಿತು. ಕೊನೆಗೆ ನನಗೇ ತಲೆ ಚಿಟ್ಟು ಹಿಡಿಯಿತು.

"ಕಾಕಾ, ಇವತ್ತ ಒಂದ ಆರಿಸಿಬಿಡ್ರಿ. ಇಲ್ಲಾಂದ್ರ ಕಂದೀಲ ಕಟ್ಟಿ ಕಳಸ್ತೇನಿ ನಿಮ್ಮ ಬಂದೂಕಿಗೆ."

"ಕತ್ತಲಿ ಕೋಣಿ ಐತೇನ್ರಿ ಒಳಗ?"

ಹಿಂದೆ ಟಾಯರು ತೂಗುಹಾಕುವ, ಎಮ್ಮೆಯ ಹಿಂಡಿ ಚೀಲ ಇಡುವ ಕೋಣೆಯಿದೆ. ಕಿಟಕಿಯಿಲ್ಲ, ಹಾಡಹಗಲೇ ಕತ್ತಲೆ. ಒಳಗೆ ಕರೆದುಕೊಂಡು ಹೋದೆ. ಅವರು ತಮ್ಮ ಕಂಬಳಿಯನ್ನು ನನ್ನ ತಲೆಯ ಮೇಲೆ ಕೊಪ್ಪೆ ಹಾಕಿದರು. "ಒಂಚೂರ ಕುಂದರ್ರಿ ಅಲ್ಲಿ, ಹಿಂಡಿ ಚೀಲದ ಬಾಜೂಕ. ಮಡಿಗೆ ನೀರ ತಿರುವಾಕ ಕುಂತಾವ್ರಂಗ." ಕುಕ್ಕುರುಗಾಲಲ್ಲಿ ಕೂತೆ. ಅವರು ಬಾಗಿಲಿಗೆ ಹೋಗಿ ಕದ ಹಾಕಿಕೊಂಡರು.

ದೊಡ್ಡ ಬ್ಯಾಟರಿ ಹಚ್ಚಿದರು. ಕಣ್ಣು ಕುಕ್ಕಿ ನಾನು ಮುಖ ತಿರುಗಿಸಿದೆ. "ಬರೇ ಬೆಳಕ, ಏನೂ ಕಾಣವಲ್ಲದು. ಕಬ್ಬಿನ ರವದಿ ಮ್ಯಾಲೆ ಇನ್ನೂ ಹೊಳೀತೈತಿ" ಎಂದರು. ಕಬ್ಬಿನ ಒಣಗಿದ ಎಲೆಗೆ ನಮ್ಮಲ್ಲಿ ರವದಿ ಅನ್ನುತ್ತಾರೆ, ಅದು ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ. ಬಾಗಿಲಲ್ಲೇ ನಿಂತು ಮೂರರದನ್ನು ಹಚ್ಚಿದರು. "ಹಂದಿ" ಅಂದರು. ಮತ್ತೊಂದು ಹಚ್ಚಿದರು. "ಹಂದಿ." ನನಗೆ ಒಳಗೊಳಗೇ ಸಿಟ್ಟು ಬರತೊಡಗಿತು. ನಾಲ್ಕು ಮಂದಿ ಗಿರಾಕಿ ಬರುವ ಹೊತ್ತು, ನಾನು ಹಿಂಡಿ ಚೀಲದ ಪಕ್ಕ ಹಂದಿಯಾಗಿ ಕೂತಿದ್ದೇನೆ. ಕೊನೆಗೆ ಎರಡು ಸೆಲ್ಲಿನ ಆ ಸಣ್ಣದನ್ನು ಹಚ್ಚಿದರು. ಅದರ ಬೆಳಕು ಬಾಗಿಲಿಂದ ನನ್ನವರೆಗೆ ಮುಟ್ಟಲೇ ಇಲ್ಲ. ಅವರು ಒಂದೊಂದೇ ಹೆಜ್ಜೆ ಮುಂದೆ ಬಂದರು. ಇನ್ನೇನು ಅವರ ಉಸಿರು ನನಗೆ ತಾಗಬೇಕು, ಅಷ್ಟು ಹತ್ತಿರ ಬಂದ ಮೇಲೆ ಮೆಲ್ಲಗೆ, "ಈಗ ಸಾವಕಾರ್ರು" ಅಂದರು.

ಅಷ್ಟರಲ್ಲಿ ಊಟಕ್ಕೆ ಕರೆಯಲು ಬಂದ ನನ್ನ ಹೆಂಡತಿ ಹಿಂಬಾಗಿಲು ತೆರೆದಳು. ಗಂಡ ಕಂಬಳಿ ಹೊತ್ತು ನೆಲದ ಮೇಲೆ, ಎದುರಿಗೆ ಮಸಗುಪ್ಪಿ ಕಾಕಾ ಅವನ ಮೂಗಿಗೆ ದೀಪ ಹಿಡಿದು ನಿಂತಿದ್ದಾರೆ. "ಏನ್ ನಡಸೀರಿ ಇಬ್ಬರೂ?" ಎಂದಳು. ಕಾಕಾ ನಾಚಿ ದೀಪ ಆರಿಸಿದರು.

"ಇದ ಸಾಕ್ರಿ" ಎಂದರು ಆಮೇಲೆ, ಕಟ್ಟೆಯ ಮೇಲೆ ಕೂತು. "ಇದು ನನ್ನನ್ನ ಹತ್ತರ ಕರಕೊಂಡ ಹೋಗ್ತೈತಿ. ಯಾರು ಅಂತ ತಿಳಿಯೂ ಮಟಾ ನನ್ನ ಬಟ್ಟು ಕುದರಿಗೆ ಹೋಗಾಂಗಿಲ್ಲ." ಬಂದೂಕಿನ ಕುದುರೆ ಎಂದರೆ ಬೆರಳಿನಿಂದ ಎಳೆಯುವ ಕೊಕ್ಕೆ.

"ಅಲ್ಲಿ ಯಾರ ಇರತಾರ್ರಿ ಆ ಹೊತ್ತಿನ್ಯಾಗ?"

ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. "ನನ್ನ ತಮ್ಮ" ಎಂದರು. "ಸಂಜಿಮುಂದ ಅವನ ನೀರಿನ ಪಾಳಿ. ಕಂಬಳಿ ಹೊತ್ತ ಒಡ್ಡಿನ ಮ್ಯಾಲೆ ಕುಂದರ್ತಾನ. ಹಂದೀನೂ ಅದ ಒಡ್ಡಿನ ಮ್ಯಾಲಿಂದ ಇಳೀತಾವ್ರಿ. ಮಬ್ಬಿನ್ಯಾಗ ಎರಡೂ ಒಂದ ನಮೂನಿ."

ಅವರು ನನ್ನ ಕಡೆ ನೋಡದೆ ಮುಂದುವರಿಸಿದರು. "ಒಂದ ಸಲ ತಪ್ಪಿತು ಅನ್ರಿ. ಹಂದಿ ಅಂತ ಹೊಡದೆ ಅಂದ್ರ ಯಾರ ನಂಬತಾರ? ಕೋರ್ಟಿನ್ಯಾಗ ಕೇಸ ನಡದೈತಿ. ಊರ ನಂಬೂದಿಲ್ಲ, ಫೌಜದಾರ ನಂಬೂದಿಲ್ಲ. ಅದ ಹೋಗ್ಲಿ. ಸಾಯೂಮುಂದ ಅಂವಾ ನಂಬತಾನೇನ್ರಿ? ನಮ್ಮಣ್ಣ ಬೇಕಂತ ಹೊಡದ ಅಂತನ ತಿಳಕೊಂಡ ಸಾಯ್ತಾನ."

"ಹಂಗಾರ ಬ್ಯಾಟರಿ ಎದಕ್ಕ ಕಾಕಾ? ಯಾರದು ಅಂತ ಒಂದ ಕೂಗ ಹಾಕ್ರಿ, ಮುಗೀತಲ್ಲ!"

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಸಿಟ್ಟಲ್ಲ, ನಗೆಯೂ ಅಲ್ಲ. "ಅಷ್ಟ ಕೂಗಾಕ ಆಗಿದ್ರ ನಾ ಕೋರ್ಟಿಗೆ ಯಾಕ ಬರತಿದ್ದೆ?" ಎಂದರು.

ನಾನು ಹಣೆ ಚಚ್ಚಿಕೊಂಡೆ. ಎರಡಕ್ಷರ ಬಾಯಿಂದ ಬರಲಿಲ್ಲವೆಂದು ವಿಲಾಯತಿಯ ದೀಪ ಕೊಂಡು ಬಂದೂಕಿಗೆ ಕಟ್ಟುವ ಜನ ನಾವು. ಬುದ್ಧಿ ಹೇಳೋಣ ಅಂದುಕೊಂಡೆ. ನನ್ನ ಸ್ವಂತ ಭಾವನ ಜೊತೆ ನನಗೆ ಮಾತಿಲ್ಲದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಇನ್ನು ಅದನ್ನು ಬಂದೂಕಿಗೆ ಕೂಡಿಸಬೇಕು. ಸೈಕಲ್ಲಿನ ಹ್ಯಾಂಡಲಿಗೆ ದೀಪ ಬಿಗಿಯುವ ಪಟ್ಟಿಯನ್ನು ಬಗ್ಗಿಸಿ, ಒಳಗೆ ಹಳೆಯ ಟ್ಯೂಬಿನ ರಬ್ಬರು ಹಾಕಿದರಾಯಿತು, ಬಂದೂಕು ತಗೊಂಡು ಬನ್ನಿ ಅಂದೆ. "ತಾರೀಖಿನ ದಿನಾ ತರೂದಿಲ್ರಿ" ಅಂದರು. ಅಣ್ಣ ತಮ್ಮ ಒಂದೇ ಮೋಟಾರಿನಲ್ಲಿ, ಅಣ್ಣನ ತೊಡೆಯ ಮೇಲೆ ಬಂದೂಕು. ಊಹಿಸಿ ನೋಡಿದ ಮೇಲೆ ನಾನೂ ಬೇಡ ಅಂದೆ. ಮುಂದಿನ ತಾರೀಖಿಗೆ ಅವರು ಹೆಗಲ ಮೇಲೆ ಒಂದು ಕಬ್ಬು ಹೊತ್ತು ಬಂದರು. ಹೊಲವೆಲ್ಲ ಹುಡುಕಿ, ದಾರ ಸುತ್ತಿ ನೋಡಿ, ಸರಿಯಾಗಿ ನಳಿಗೆಯಷ್ಟೇ ದಪ್ಪನೆಯ ಗಳವನ್ನು ಕಡಿದು ತಂದಿದ್ದರು. ಅವತ್ತು ನನ್ನ ಹತ್ತಿರ ಪಟ್ಟಿ ಇರಲಿಲ್ಲ. ಕಬ್ಬು ಅಂಗಡಿಯ ಮೂಲೆಯಲ್ಲಿ ನಿಂತಿತು. ಅದರ ಮುಂದಿನ ತಾರೀಖಿಗೆ ಅವರೆದುರಿಗೇ ಪಟ್ಟಿ ಬಗ್ಗಿಸಿ ಆ ಕಬ್ಬಿಗೆ ಬಿಗಿಯಾಗಿ ಕೂಡಿಸಿದೆ. ಬಜಾರಿನ ಜನ ನಿಂತು ನೋಡಿದರು. ಕಬ್ಬಿಗೆ ಬ್ಯಾಟರಿ ಕಟ್ಟುವ ಹೊಸ ಬೇಸಾಯ ಮಸಗುಪ್ಪಿಯಲ್ಲಿ ಬಂದಿದೆ ಎಂದು ಕರದಂಟಿನ ಅಂಗಡಿಯವರು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮನೆಗೆ ಒಯ್ದು ನೋಡಿದರೆ ಪಟ್ಟಿ ನಳಿಗೆಗೆ ಹತ್ತಲೇ ಇಲ್ಲ. ಒಂದು ತಾರೀಖಿನಿಂದ ಇನ್ನೊಂದು ತಾರೀಖಿನೊಳಗೆ ಕಬ್ಬು ನನ್ನ ಮೂಲೆಯಲ್ಲಿ ಒಣಗಿ ಸಣ್ಣಗಾಗಿತ್ತು. ಹುಟ್ಟಿದಾಗಿನಿಂದ ಕಬ್ಬು ಬೆಳೆದ ಅವರಿಗೂ ಇದು ಹೊಳೆದಿರಲಿಲ್ಲ, ಹುಟ್ಟಿದಾಗಿನಿಂದ ತಿಂದ ನನಗೂ ಹೊಳೆದಿರಲಿಲ್ಲ. ಆಮೇಲೆ ತಾರೀಖಿಲ್ಲದ ದಿನ ನೋಡಿ, ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಚಕ್ಕಡಿ ಗಾಡಿಯಲ್ಲಿ ಮಲಗಿಸಿಕೊಂಡು, ಪರವಾನಗಿಯ ಕಾಗದ ಎದೆಯಲ್ಲಿಟ್ಟುಕೊಂಡು ಬಂದರು. ಅಂತೂ ಮದುವೆ ಮುಗಿಯಿತು.

ಅಲ್ಲಿಗೂ ಸಮಾಧಾನವಿಲ್ಲ. ಹೊಸ ಸೆಲ್ಲು ಹಾಕಿದರೆ ಬೆಳಕು ಬೆಳ್ಳಗಾಗುತ್ತದೆ ಎಂದು ತಕರಾರು. ಜನ ತಿರಸ್ಕರಿಸಿ ಬಿಸಾಡಿ ಹೋಗುವ ಸೆಲ್ಲುಗಳನ್ನು ನಾನು ಒಂದು ಡಬ್ಬಿಯಲ್ಲಿ ಹಾಕುತ್ತಿದ್ದೆ. ಅದರೊಳಗೆ ಕೈಯಾಡಿಸಿ, ಒಂದೊಂದನ್ನೇ ಹಚ್ಚಿ ನೋಡಿ, ಮಾಗಿದ ಬಾಳೆಹಣ್ಣಿನ ಬಣ್ಣದ ಬೆಳಕು ಬರುವ ಜೋಡಿಯನ್ನು ಆರಿಸಿಕೊಳ್ಳುತ್ತಿದ್ದರು. ಸತ್ತ ಸೆಲ್ಲು ಕೇಳಿಕೊಂಡು ಬರುವ ಗಿರಾಕಿ ಇಡೀ ಪೇಟೆಯಲ್ಲಿ ಇವರೊಬ್ಬರೇ. ಊರವರು ಬೇಸರಪಟ್ಟರು. ಆ ದೀಪದಲ್ಲಿ ಹಂದಿ ಬೀಳುವುದು ಅಷ್ಟಕ್ಕಷ್ಟೇ ಎಂದು ನನಗೇ ಹೇಳಿ ಕಳಿಸಿದರು, ದೊಡ್ಡದು ಕೊಡಿ ಎಂದು. ಕಾಕಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇತ್ತ ಅವರ ಬಂದೂಕು ತಮ್ಮನ ಕಬ್ಬನ್ನೂ ಕಾಯುತ್ತಿತ್ತು. ನಾನು ಕೆಣಕಿದರೆ, "ಹಂದಿಗೆ ವಾಟ್ನಿ ಗೊತ್ತಿಲ್ರಿ, ಆ ಹೊಲದಿಂದ ಈ ಹೊಲಕ್ಕ ಬರ್ತಾವ" ಎಂದು ತೇಲಿಸಿಬಿಡುತ್ತಿದ್ದರು. ವಾಟ್ನಿ ಅಂದರೆ ಹಿಸ್ಸೆ. ಅದು ಹಂದಿಗೆ ಮಾತ್ರ ಗೊತ್ತಿಲ್ಲವೋ, ಇವರಿಗೂ ಗೊತ್ತಿಲ್ಲವೋ ಎಂದು ನಾನು ಕೇಳಲು ಹೋಗಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಕೇಸು ಮುಗಿಯಲಿಲ್ಲ, ಹಂದಿ ಮುಗಿಯಲಿಲ್ಲ, ಕಾಕಾನ ಬೆನ್ನು ಇನ್ನಷ್ಟು ಬಾಗಿತು.

ಒಂದು ದಿನ ಬೆಳಿಗ್ಗೆ ಇನ್ನೂ ಅಂಗಡಿಯ ಹಲಗೆ ತೆಗೆಯುತ್ತಿದ್ದೆ, ಅವರ ತಮ್ಮ ಬಂದ. ಅವನು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಂಗಿಯ ಮೇಲೆಲ್ಲ ರಕ್ತ ಒಣಗಿತ್ತು. ಕೈಯಲ್ಲಿದ್ದ ಸಣ್ಣ ಬ್ಯಾಟರಿಯನ್ನು ನನ್ನ ಮುಂದೆ ಕುಕ್ಕಿದ.

"ಇದನ್ನ ಕೊಟ್ಟಾವ್ರು ನೀವ ಏನ್ರಿ?"

"ಹೌದು. ಏನಾತು?"

"ಇದಕ್ಕ ದೀಪ ಅಂತೀರೇನ್ರಿ? ಊದಿನಕಡ್ಡಿ ಇದಕ್ಕಿಂತ ಛಲೋ ಉರೀತೈತಿ! ನಿನ್ನೆ ಸಂಜಿಮುಂದ ನಮ್ಮಣ್ಣನ ತೊಡಿ ಸೀಳೈತಿ ಹಂದಿ. ಚಕ್ಕಡಿಯಾಗ ಹಾಕ್ಕೊಂಡ ಬಂದ ಈಗ ದವಾಖಾನಿಗೆ ಸೇರಿಸಿ ಬಂದೆ."

ಹಲಗೆ ನನ್ನ ಕೈಯಲ್ಲೇ ಉಳಿಯಿತು. "ಜೀವಕ್ಕೇನೂ..."

"ಉಳೀತಾನಂತ. ಡಾಕ್ಟರ ಹೇಳ್ಯಾರ. ಕಾಲ ಮಾತ್ರ ಮೊದಲಿನಂಗ ಆಗಾಂಗಿಲ್ಲ." ಅವನ ದನಿ ಏರಿತು. "ಕೈಯಾಗ ತುಂಬಿದ ಬಂದೂಕ ಐತಿ. ಮುಂದ ಒಡ್ಡಿನ ಮ್ಯಾಲೆ ಹಂದಿ ನಿಂತೈತಿ. ಹೊಡೀದ ಅದರ ಹತ್ತರ ಹತ್ತರ ಹೋಗ್ಯಾನ್ರಿ! ನಾ ಆ ತುದಿಗೆ ಮಡಿ ಕಟ್ಟಾಕ ಹೋಗಿದ್ದೆ. ಅಲ್ಲಿಂದ ನೋಡಾಕತ್ತೇನಿ, ಈ ಮಿಣಕ ದೀಪ ಒಂದೊಂದ ಹೆಜ್ಜಿ ಮುಂದ ಹೋಗಾಕತ್ತೈತಿ. ಯಾವ ಹುಚ್ಚ ಹಂಗ ಮಾಡ್ತಾನ? ದೀಪ ಛಲೋ ಇದ್ದಿದ್ರ ದೂರಿಂದನ ಕಾಣತಿತ್ತು, ಹೊಡೀತಿದ್ದ. ನಿಮ್ಮ ಅಂಗಡ್ಯಾಗ ಎಲ್ಲಾಕಿಂತ ದೊಡ್ಡದು ಯಾವ್ದೈತಿ, ಅದನ್ನ ತಗೀರಿ. ಅವನ ಬಂದೂಕಿಗೆ ನಾನ ಕಟ್ಟಸ್ತೇನಿ."

ಬೆಳಿಗ್ಗೆ ಎದ್ದು ಇನ್ನೂ ಚಹಾ ಕುಡಿದಿರಲಿಲ್ಲ. ಇವರಿಬ್ಬರ ನಡುವೆ ಸಿಕ್ಕು ವರ್ಷಗಟ್ಟಲೆ ನಾನೂ ದಣಿದಿದ್ದೆ. ಕಾಕಾ ನನಗೆ ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಡಿ ಎಂದು ಅವರು ಅಂದಿರಲಿಲ್ಲ, ಹೇಳಿ ಎಂದೂ ಅಂದಿರಲಿಲ್ಲ. ಅವತ್ತು ನನಗೆ ತಡೆಯಲಾಗಲಿಲ್ಲ.

"ದೊಡ್ಡದು ನಾ ಎಷ್ಟ ಸಲ ಮುಂದ ಇಟ್ಟೆ. ಬ್ಯಾಡಂದ್ರು" ಎಂದೆ. "ಯಾಕ ಬ್ಯಾಡ ಗೊತ್ತೈತೇನು? ಒಡ್ಡಿನ ಮ್ಯಾಲೆ ಕಂಬಳಿ ಹೊತ್ತ ನೀವು ಕುಂದರ್ತೀರಿ. ದೂರಿಂದ ಹಂದಿ ಅಂತ ತಿಳಿದು ನಿಮ್ಮನ್ನ ಹೊಡದೇನು ಅಂತ ಬ್ಯಾಡಂದ್ರು. ನಿಮ್ಮ ಮಾರಿ ಕಾಣೂ ಮಟಾ ಹತ್ತರ ಹೋಗಬೇಕು, ಅಂಥಾ ದೀಪ ಕೊಡ್ರಿ ಅಂತ ಕೇಳಿ ಒಯ್ದಾರ. ನಿನ್ನೆ ಅವರು ಹಂದಿ ಹತ್ತರ ಹೋಗಲಿಲ್ಲ. ಅಲ್ಲಿ ಇರಾವ್ರು ನೀವ ಏನೋ ಅಂತ ಹೋಗ್ಯಾರ."

ಅವನು ಕುಕ್ಕಿದ್ದ ಸಣ್ಣ ಬ್ಯಾಟರಿಯನ್ನು ಮತ್ತೆ ಎತ್ತಿಕೊಂಡ. ಮೆಲ್ಲಗೆ ಕಟ್ಟೆಯ ಅಂಚಿಗೆ ಕೂತ. "ಒಂದ ಸಲ ಕೂಗಿದ್ರ ಸಾಕಿತ್ತಲ್ರಿ" ಎಂದ.

"ನಾನೂ ಅದನ್ನ ಕೇಳಿದ್ದೆ."

"ಹೆಂ‌ಗ ಕೂಗತಾನ?" ಅವನು ತನಗೆ ತಾನೇ ಹೇಳಿಕೊಂಡ. "ಅವ್ವನ ಮಣ್ಣ ಮಾಡಿ ಬಂದ ದಿನ, ಹಿರ್ಯಾರೆಲ್ಲಾ ಕುಂತಿದ್ರು. ಇನ್ನ ಮ್ಯಾಲೆ ನನ್ನ ಕೂಗಿ ಕರದ್ರ ಅವ್ವನ ಆಣಿ ಐತಿ ನಿನಗ ಅಂದೆ. ಹೊಲದ ಮಾತ ಬಂತು, ಸಿಟ್ಟಿನ್ಯಾಗ ಅಂದೆ. ಅಂವಾ ಅದನ್ನ ಇನ್ನೂ ಹಿಡಕೊಂಡ ಕುಂತಾನ್ರಿ."

ಆ ಹೊತ್ತಿಗೆ ಬಜಾರು ತೆರೆಯುತ್ತಿತ್ತು. ಯಾರೋ ನೀರು ಚಿಮುಕಿಸಿ ಕಸ ಗುಡಿಸುತ್ತಿದ್ದರು. ನನಗೆ ಅವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಯ್ಯೋ ಅನ್ನಿಸಿತು, ಅಷ್ಟೇ. ಇಬ್ಬರ ಮೇಲೂ.

ಅವನು ಎದ್ದು, ಐದು ಸೆಲ್ಲಿನ ಬ್ಯಾಟರಿಯನ್ನು ತಾನೇ ಕೈಗೆ ತಗೊಂಡ. "ಇದನ್ನ ಕೊಡ್ರಿ. ಬಂದೂಕಿಗಲ್ಲ, ಬಂದೂಕಿಗೆ ಅದ ಸಣ್ಣದ ಇರಲಿ. ಇದು ನನಗ." ಸೆಲ್ಲು ತುಂಬಿಕೊಟ್ಟೆ. ಅವನು ಅದನ್ನು ತಿರುಗಿಸಿ, ಹಾಡಹಗಲಲ್ಲಿ, ತನ್ನ ಮುಖಕ್ಕೇ ಹಿಡಿದು ಗುಂಡಿ ಒತ್ತಿದ. ಬೆಳಕಿಗೆ ಕಣ್ಣು ಕಿರಿದಾಗಿ ನೀರು ಬರುತ್ತಿತ್ತು, ಬೆಳಕಿಗೇ ಬಂತೋ ಏನೋ.

"ಸಾಕೇನ್ರಿ ಇಷ್ಟು? ದೂರಿಂದ ನಾನ ಅಂತ ಗುರುತ ಹತ್ತಾಕ?"

ಸಾಕು ಎಂದು ತಲೆ ಅಲ್ಲಾಡಿಸಿದೆ. ಅವನು ಬ್ಯಾಟರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ದವಾಖಾನೆಯ ಕಡೆ ಹೋದ.

ಕಾಕಾ ಮತ್ತೆ ನನ್ನ ಅಂಗಡಿಗೆ ಬರುವಷ್ಟರಲ್ಲಿ ಹೊಲದಲ್ಲಿ ಇನ್ನೊಂದು ಕಬ್ಬಿನ ಬೆಳೆ ಎದ್ದು ನಿಂತಿತ್ತು. ಕೋಲು ಊರಿಕೊಂಡು, ಕಾಲೆಳೆಯುತ್ತ ಬಂದರು. ಹಳೆಯ ಸೆಲ್ಲಿನ ಡಬ್ಬಿಯನ್ನು ಮುಂದೆ ಸರಿಸಿದೆ. ಬೇಡ ಅಂದರು.

"ಬಂದೂಕ ಹಾರಿಸಿ ಭಾಳ ದಿನಾ ಆತ್ರಿ. ಈಗ ಸಂಜಿಮುಂದ ಒಡ್ಡಿನ ಮ್ಯಾಲೆ ದೊಡ್ಡದೊಂದ ದೀಪ ಬರ್ತೈತಿ. ಹಂದಿ ಆ ಕಡೆ ಸುಳಿಯೂದಿಲ್ಲ. ಅಂವಾ ಅದನ್ನ ಕಬ್ಬಿನ ಮ್ಯಾಲೆ ಬಿಡೂದಿಲ್ರಿ, ತನ್ನ ಮಾರಿಗೇ ಹಿಡಕೊಂಡ ಕುಂದರ್ತಾನ. ಯಾರ ಕೊಟ್ಟಾರೋ ಅವಗ."

ನಾನು ಯಾವುದೋ ಚಕ್ರದ ಕಡ್ಡಿ ಬಿಗಿ ಮಾಡುತ್ತ, "ಮಾತಾಡಿದ್ರೇನ್ರಿ ಕಾಕಾ?" ಎಂದು ಕೇಳಿದೆ.

"ಇಲ್ರಿ" ಎಂದರು. ಕೋಲನ್ನು ಗೋಡೆಗೆ ಆನಿಸಿ ಕಟ್ಟೆಯ ಮೇಲೆ ಕೂತರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಎಷ್ಟ ಮುದುಕ ಆಗ್ಯಾನ್ರಿ ಅಂವಾ" ಎಂದರು. "ನಾ ನೋಡೇ ಇರಲಿಲ್ಲ."